ಹಕ್ಕಿಗೆ ಕಾಗದ ಇದೆ, ಪಂಜರಕ್ಕೆ ಇಲ್ಲ

ಹೋದ ವರ್ಷ ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಬೆಂಗಳೂರಿನ ಹೊರವಲಯದ ಒಂದು ಜಾಗಕ್ಕೆ ಹೋಗಿದ್ದೆವು. ಹೆಸರು ಬೇಡ, ಅಂಥವು ಈಗ ಒಂದೆರಡಲ್ಲ. ಅರ್ಧ ಹೋಟೆಲ್ಲು, ಅರ್ಧ ಪ್ರಾಣಿಗಳ ಅಂಗಳ. ಒಂದು ಕಡೆ ಪಿಜ್ಜಾ ಬೇಯುತ್ತಿರುತ್ತದೆ, ಇನ್ನೊಂದು ಕಡೆ ಬಲೆಯೊಳಗೆ ದೊಡ್ಡ ಬಣ್ಣಬಣ್ಣದ ಗಿಳಿಗಳಾದ ಮಕಾವ್‌ಗಳು ಕಿರುಚುತ್ತಿರುತ್ತವೆ. ಟಿಕೆಟ್ ತಗೊಂಡರೆ ಪುಟ್ಟ ಬಟ್ಟಲಲ್ಲಿ ಸೂರ್ಯಕಾಂತಿ ಬೀಜ ಕೊಡುತ್ತಾರೆ. ಕೈ ಚಾಚಿದರೆ ನೀಲಿ-ಹಳದಿ ಹಕ್ಕಿ ಬಂದು ತೋಳ ಮೇಲೆ ಕೂರುತ್ತದೆ. ಫೋಟೊ. ಆಮೇಲೆ ಇಗುವಾನಾ, ಅಂದರೆ ದೊಡ್ಡ ಹಲ್ಲಿಯಂಥ ಸರೀಸೃಪ. ಅದನ್ನು ಹೆಗಲ ಮೇಲೆ ಟವೆಲ್ ಹಾಕಿದ ಹಾಗೆ ಹಾಕುತ್ತಾರೆ. ಅದಕ್ಕೆ ಬೇರೆ ದುಡ್ಡು.

ಮಗು ಕುಣಿದಾಡಿತು. ನಾನೂ ಫೋಟೊ ತೆಗೆದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಹಕ್ಕಿಯ ಎದೆ ಕಣ್ಣಿಗೆ ಬಿತ್ತು. ಅಂಗೈ ಅಗಲದಷ್ಟು ಜಾಗದಲ್ಲಿ ಪುಕ್ಕವೇ ಇಲ್ಲ. ಬೂದು ಚರ್ಮ, ಅದರ ಮೇಲೆ ಗುಳ್ಳೆಯ ಹಾಗೆ ಪುಕ್ಕದ ಬುಡಗಳು. ಅಲ್ಲಿದ್ದ ಹುಡುಗನನ್ನು ಕೇಳಿದೆ. 'ಪುಕ್ಕ ಉದುರೋ ಸೀಸನ್ನು ಸಾರ್' ಅಂದ. ಆದರೆ ತಲೆಯ ಮೇಲಿನ ಪುಕ್ಕ ಎಲ್ಲಾ ನೆಟ್ಟಗಿತ್ತು. ಗಿಳಿ ಸಾಕಿದವರಿಗೆ ಇದು ಗೊತ್ತಿರುತ್ತದೆ: ಕೊಕ್ಕು ಎಟುಕುವ ಕಡೆ ಬೋಳು, ಎಟುಕದ ಕಡೆ ಸರಿಯಾಗಿದೆ ಅಂದರೆ ಸಾಮಾನ್ಯವಾಗಿ ಹಕ್ಕಿ ತನ್ನ ಪುಕ್ಕವನ್ನು ತಾನೇ ಕೀಳುತ್ತಿದೆ ಅಂತ. ಕಾಯಿಲೆ ಇರಬಹುದು, ಬೇಜಾರಿರಬಹುದು, ಭಯ ಇರಬಹುದು. ಡಾಕ್ಟರ್ ನೋಡಬೇಕಾದ ವಿಷಯ.

ಮ್ಯಾನೇಜರ್ ಹತ್ತಿರ ಹೋದೆ. ಪಾಪ, ಜಗಳಕ್ಕೇನೂ ಬರಲಿಲ್ಲ. ಡ್ರಾಯರ್‌ನಿಂದ ಒಂದು ಫೈಲ್ ತೆಗೆದು ತೋರಿಸಿದರು. ಪ್ರತಿ ಹಕ್ಕಿಗೂ ಒಂದೊಂದು ನೋಂದಣಿ ಪತ್ರ, ಕಾಲಿನ ರಿಂಗ್ ನಂಬರ್ ಸಮೇತ. ಕೆಳಗೆ ಟ್ರೇಡ್ ಲೈಸೆನ್ಸ್, ಆಹಾರದ ಲೈಸೆನ್ಸ್, ಜಾಗದ ಒಂಬತ್ತು ವರ್ಷದ ಲೀಸ್ ಕರಾರು. 'ಎಲ್ಲಾ ಪಕ್ಕಾ ಇದೆ' ಅಂದರು. ಇತ್ತು ಕೂಡ. ಹಕ್ಕಿಗೂ ಕಾಗದ ಇತ್ತು, ಪಿಜ್ಜಾಗೂ ಕಾಗದ ಇತ್ತು. ಆದರೆ ಹಕ್ಕಿಯ ಪಂಜರ ಎಷ್ಟು ದೊಡ್ಡದಿರಬೇಕು, ದಿನಕ್ಕೆ ಅದು ಎಷ್ಟು ಜನರ ತೋಳ ಮೇಲೆ ಕೂರಬಹುದು, ಪಶುವೈದ್ಯರು ಎಷ್ಟು ದಿನಕ್ಕೊಮ್ಮೆ ಬರಬೇಕು ಅಂತ ಹೇಳುವ ಒಂದು ಹಾಳೆಯೂ ಆ ಫೈಲ್‌ನಲ್ಲಿ ಇರಲಿಲ್ಲ. ಯಾಕಿಲ್ಲ ಅಂತ ಮನೆಗೆ ಬಂದು ಕಾನೂನು ಓದಲು ಕೂತೆ.

ಮೊದಲು ಒಂದು ಮಾತು. ನಮ್ಮಲ್ಲಿ ಮೃಗಾಲಯದ ಕಾನೂನು ಸಡಿಲ ಅಂತ ಯಾರಾದರೂ ಅಂದರೆ ನಂಬಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಮಾಡಿ ಮೃಗಾಲಯಗಳಿಗೆಂದೇ ಒಂದು ಅಧ್ಯಾಯ ಸೇರಿಸಿದರು. 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಹುಟ್ಟಿತು. ಅದರ ಮಾನ್ಯತೆ ಇಲ್ಲದೆ ಯಾರೂ ಮೃಗಾಲಯ ನಡೆಸುವ ಹಾಗಿಲ್ಲ. 2009ರ ನಿಯಮಗಳನ್ನು ತೆಗೆದು ನೋಡಿದರೆ ಆವರಣದ ಅಳತೆ, ವೈದ್ಯರು, ಆಹಾರ, ದಾಖಲೆ, ಎಲ್ಲಾ ಬಿಡಿಸಿ ಬರೆದಿದ್ದಾರೆ. ವಾರಕ್ಕೆ ಒಂದು ದಿನ ಮುಚ್ಚಬೇಕು ಅನ್ನುವುದೂ ಅಲ್ಲೇ ಇದೆ. ಮಂಗಳವಾರ ಮೈಸೂರು ಝೂಗೆ ಹೋಗಿ ಮುಚ್ಚಿದ ಗೇಟ್ ನೋಡಿ ಬೈದುಕೊಂಡು ವಾಪಸ್ ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅಲ್ವಾ? ಆ ಗೇಟಿನ ಹಿಂದೆ ಇರುವುದು ಈ ನಿಯಮ.

ಇನ್ನೂ ಒಂದಿದೆ. ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಗಲಾಟೆ ಮಾಡಿ ಹೆದರಿಸುವುದು, ತಿನ್ನಲು ಏನಾದರೂ ಎಸೆಯುವುದು, ಇವೆಲ್ಲಾ ಕಾಯ್ದೆಯ ಪ್ರಕಾರ ಅಪರಾಧ, ಜೈಲಿಗೂ ಅವಕಾಶವಿದೆ. ಈಗ ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡಿ. ಮೈಸೂರಿನಲ್ಲಿ ಕೋತಿಗೆ ಒಂದು ಕಡಲೆಕಾಯಿ ಎಸೆದರೆ ಗಾರ್ಡ್ ಶಿಳ್ಳೆ ಊದುತ್ತಾನೆ. ನಾವು ಹೋಗಿದ್ದ ಜಾಗದಲ್ಲಿ ಹಕ್ಕಿಗೆ ತಿನ್ನಿಸುವುದಕ್ಕೇ ಟಿಕೆಟ್. ಒಂದೇ ದೇಶ, ಒಂದೇ ರಾಜ್ಯ, ಎರಡು ಲೋಕ.

ಇದು ಹೇಗೆ ಸಾಧ್ಯ? ಉತ್ತರ ಇರುವುದು ಕಾಯ್ದೆಯ ಎರಡನೇ ಸೆಕ್ಷನ್‌ನಲ್ಲಿ, ಅಂದರೆ ಪದಗಳಿಗೆ ಅರ್ಥ ಹೇಳುವ ಜಾಗದಲ್ಲಿ, ಯಾರೂ ಓದದ ಪುಟಗಳಲ್ಲಿ. ಮೃಗಾಲಯ ಅಂದರೆ ಸಾರ್ವಜನಿಕರಿಗೆ ತೋರಿಸಲು 'ಬಂಧಿತ ಪ್ರಾಣಿ'ಗಳನ್ನು ಇಟ್ಟ ಜಾಗ. ಸರಿ. ಬಂಧಿತ ಪ್ರಾಣಿ ಅಂದರೆ? ಕಾಯ್ದೆಯ ಕೆಲವು ನಿರ್ದಿಷ್ಟ ಅನುಸೂಚಿಗಳಲ್ಲಿ, ಅಂದರೆ ಕಾಯ್ದೆಗೆ ಸೇರಿಸಿದ ಪಟ್ಟಿಗಳಲ್ಲಿ, ಹೆಸರಿರುವ, ಹಿಡಿದು ತಂದ ಇಲ್ಲವೇ ಸಾಕಿದ ಪ್ರಾಣಿ. ಆ ಅನುಸೂಚಿಗಳು ಇರುವುದು ನಮ್ಮ ದೇಶದ ವನ್ಯಜೀವಿಗಳಿಗೆ. ಹುಲಿ, ಆನೆ, ಕರಡಿ, ನಮ್ಮ ಹಸಿರು ಗಿಣಿ ಅಲ್ಲಿವೆ. ದಕ್ಷಿಣ ಅಮೆರಿಕದ ಮಕಾವ್, ಆಫ್ರಿಕಾದ ಬಾಲ್ ಪೈಥಾನ್ ಹೆಬ್ಬಾವು ಅಲ್ಲಿಲ್ಲ. ಹಾಗಾಗಿ ಅಕ್ಷರ ಹಿಡಿದು ಓದುವ ವಕೀಲರೊಬ್ಬರು, 'ನಮ್ಮ ಹತ್ತಿರ ಇರುವುದೆಲ್ಲಾ ವಿದೇಶಿ ಜಾತಿ ಸ್ವಾಮಿ, ಇದು ಮೃಗಾಲಯ ಹೇಗಾಗುತ್ತದೆ?' ಅಂತ ವಾದಿಸಬಹುದು. ಮನೆಯಲ್ಲಿ ಒಂದು ಹಸಿರು ಗಿಣಿ ಇಟ್ಟುಕೊಂಡರೆ ಅರಣ್ಯ ಇಲಾಖೆಯವರು ಬರಬಹುದು, ಐವತ್ತು ಮಕಾವ್ ಇಟ್ಟುಕೊಂಡು ಟಿಕೆಟ್ ಹರಿದರೆ ಅದು 'ಎಕ್ಸಾಟಿಕ್ ಪೆಟ್ ಪಾರ್ಕ್'.

ಬೇರೆ ಕಾನೂನುಗಳಿಲ್ಲವೇ? ಇವೆ. ಪ್ರತಿಯೊಂದೂ ಈ ಜಾಗದ ಹತ್ತಿರದ ತನಕ ಬಂದು ನಿಂತುಬಿಡುತ್ತದೆ. 2018ರ ಪೆಟ್ ಶಾಪ್ ನಿಯಮಗಳಿವೆ, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಕಡ್ಡಾಯ. ಆದರೆ ಅವು ಮಾರುವ ಅಂಗಡಿಗೆ. 'ನಾವು ಮಾರಲ್ಲ, ತೋರಿಸ್ತೀವಿ ಅಷ್ಟೇ' ಅಂದರೆ ಮುಗಿಯಿತು. 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳಿವೆ, ಟಿಕೆಟ್ ಇಟ್ಟು ಪ್ರಾಣಿಯನ್ನು ಪ್ರದರ್ಶಿಸುವವರು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ನನ್ನ ಪ್ರಕಾರ ಇದನ್ನು ಇಂಥ ಜಾಗಗಳಿಗೆ ಧಾರಾಳವಾಗಿ ಅನ್ವಯಿಸಬಹುದು. ಆದರೆ ಸರ್ಕಸ್ಸಿನಲ್ಲಿ ಸೈಕಲ್ ತುಳಿಯುವ ಗಿಳಿಗೆ ಸಲೀಸಾಗಿ ಹೊಂದುವ ನಿಯಮ ಸುಮ್ನೆ ತೋಳ ಮೇಲೆ ಕೂರುವ ಗಿಳಿಗೆ ಹೊಂದುತ್ತದೋ ಇಲ್ಲವೋ ಅಂತ ತಕರಾರು ತೆಗೆಯಬಹುದು. ಕೊನೆಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರಲ್ಲಿ ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತಾ? ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಅಲ್ಲಿ ಇಗುವಾನಾ ಫೋಟೊಗೆ ಇದಕ್ಕಿಂತ ಜಾಸ್ತಿ ಕೊಟ್ಟು ಬಂದೆ ನಾನು.

ಹಾಗಾದರೆ ಮ್ಯಾನೇಜರ್ ಫೈಲಿನಲ್ಲಿದ್ದ ಆ ನೋಂದಣಿ ಪತ್ರ ಯಾವುದು? ಅದರದ್ದೊಂದು ಕತೆ. 2020ರ ಜೂನ್ ತನಕ ವಿದೇಶಿ ಪ್ರಾಣಿ ದೇಶದೊಳಗೆ ಬಂದುಬಿಟ್ಟ ಮೇಲೆ ಅದನ್ನು ಕೇಳುವವರೇ ಇರಲಿಲ್ಲ ಅನ್ನಬಹುದು. ಗಡಿಯಲ್ಲಿ ಕಸ್ಟಮ್ಸ್ ಇತ್ತು, ಒಳಗೆ ಯಾರೂ ಇರಲಿಲ್ಲ. ಆ ತಿಂಗಳು ಕೇಂದ್ರ ಪರಿಸರ ಸಚಿವಾಲಯ ಒಂದು ಸಲಹೆ ಹೊರಡಿಸಿತು: ಆರು ತಿಂಗಳೊಳಗೆ ನಿಮ್ಮ ಹತ್ತಿರ ಇರುವ ವಿದೇಶಿ ಜೀವಿಗಳನ್ನು ಆನ್‌ಲೈನ್‌ನಲ್ಲಿ ಘೋಷಿಸಿ, ಎಲ್ಲಿಂದ ಬಂತು ಅಂತ ಕಾಗದ ಕೇಳುವುದಿಲ್ಲ. ಸುಮಾರು 32 ಸಾವಿರ ಜನ ಮುಂದೆ ಬಂದರು. ಕಪ್ಪುಹಣಕ್ಕೆ ಕೊಡುವ ಕ್ಷಮಾದಾನದ ಥರವೇ ಇದು. ಲೆಕ್ಕ ಸಿಕ್ಕಿತು, ಕಳ್ಳದಾರಿಯಲ್ಲಿ ಬಂದಿದ್ದಕ್ಕೂ ಒಂದು ಜನ್ಮದಾಖಲೆ ಸಿಕ್ಕಿತು. ಎರಡೂ ನಿಜ.

ಆಮೇಲೆ 2022ರ ತಿದ್ದುಪಡಿ ಬಂತು, 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್ ಪಟ್ಟಿಯ ಜಾತಿಗಳನ್ನು ಕಾಯ್ದೆಯ ನಾಲ್ಕನೇ ಅನುಸೂಚಿಗೆ ತಂದರು; ಬಂಧಿತ ಪ್ರಾಣಿಯ ಅರ್ಥದಲ್ಲಿ ಬರುವ ಅನುಸೂಚಿಗಳು ಬೇರೆ, ಇದು ಬೇರೆ. ಭಾರತ 1976ರಿಂದ ಈ ಒಪ್ಪಂದದಲ್ಲಿದೆ, ಅದಕ್ಕೆ ಸರಿಯಾದ ಕಾನೂನು ಬರಲು ನಲವತ್ತಾರು ವರ್ಷ ಹಿಡಿಯಿತು ಅನ್ನುವುದು ಬೇರೆ ಮಾತು. 2024ರ ಫೆಬ್ರವರಿಯ ನಿಯಮಗಳ ಪ್ರಕಾರ ಈ ಪಟ್ಟಿಯ ಪ್ರಾಣಿ ಯಾರ ಹತ್ತಿರವಿದ್ದರೂ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹುಟ್ಟು, ಸಾವು, ಕೈ ಬದಲಾವಣೆ, ಎಲ್ಲವನ್ನೂ ತಿಳಿಸಬೇಕು.

ಇದು ದೊಡ್ಡ ಹೆಜ್ಜೆ, ಕಡೆಗಣಿಸುವುದಿಲ್ಲ. ಆದರೆ ಇದು ಆಸ್ತಿ ನೋಂದಣಿ ಇದ್ದ ಹಾಗೆ. ಈ ಹಕ್ಕಿ ಇಂಥವರದ್ದು ಅನ್ನುತ್ತದೆ. ಆ ಹಕ್ಕಿ ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರ ತನಕ ಸ್ಪೀಕರ್ ಕೆಳಗೆ ಕೂತಿರುತ್ತದೆ ಅನ್ನುವುದು ಅದರ ವ್ಯಾಪ್ತಿಗೇ ಬರುವುದಿಲ್ಲ. ಪಟ್ಟಿಯಲ್ಲಿಲ್ಲದ ಜಾತಿಗಳ ಕತೆ ಇನ್ನೂ ವಿಚಿತ್ರ. ಶುಗರ್ ಗ್ಲೈಡರ್ ಅಂತ ಒಂದು ಪುಟ್ಟ ಪ್ರಾಣಿ ಇದೆ, ಅಂಗೈಯಲ್ಲಿ ಹಿಡಿಸುತ್ತದೆ, ಮರದಿಂದ ಮರಕ್ಕೆ ತೇಲುತ್ತದೆ. ಅದು ಸೈಟಿಸ್ ಪಟ್ಟಿಯಲ್ಲಿಲ್ಲ. ಅದು ರಾತ್ರಿ ಎದ್ದು ಓಡಾಡುವ ಜೀವ. ಹಗಲು ಮಧ್ಯಾಹ್ನ ಚೀಲದಿಂದ ತೆಗೆದು ಮಕ್ಕಳ ಕೈಗೆ ಕೊಡುವಾಗ ಕಣ್ಣರಳಿಸಿ ನೋಡುವುದು ಪ್ರೀತಿಯಿಂದ ಅಂತ ನಾವು ಅಂದುಕೊಳ್ಳುತ್ತೇವೆ.

ಈ ಕಾಗದ-ಪತ್ರದ ಹಿಂದಿನ ಇನ್ನೊಂದು ಮುಖ ನೋಡಬೇಕಾದರೆ ನಮ್ಮದೇ ವಿಮಾನ ನಿಲ್ದಾಣಕ್ಕೆ ಹೋಗಬೇಕು. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಕೆಂಪೇಗೌಡ ನಿಲ್ದಾಣಕ್ಕೆ ಬಂದ ಒಂದು ಟ್ರಾಲಿ ಬ್ಯಾಗ್‌ನಲ್ಲಿ 234 ಪ್ರಾಣಿಗಳಿದ್ದವು. ಹೆಬ್ಬಾವು, ಊಸರವಳ್ಳಿ, ಇಗುವಾನಾ, ಆಮೆ, ಮೊಸಳೆಯ ಜಾತಿಯ ಆಲಿಗೇಟರ್ ಮರಿಗಳು. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಾಂಗರೂ ಮರಿ, ಉಸಿರುಗಟ್ಟಿ ಸತ್ತಿತ್ತು. ಮುಂದಿನ ತಿಂಗಳೇ ಇನ್ನೊಂದು ಬ್ಯಾಗ್: 55 ಬಾಲ್ ಪೈಥಾನ್, 17 ಕಾಳಿಂಗ, ಆರು ಕಪುಚಿನ್ ಕೋತಿಗಳು. ಕೋತಿಗಳು ಸತ್ತಿದ್ದವು. ಆ ವರ್ಷದ ಜನವರಿಯಲ್ಲಿ ಇಂಥದ್ದೇ ಒಂದು ಸುಳಿವು ಹಿಡಿದು ಕಂದಾಯ ಗುಪ್ತಚರ ಇಲಾಖೆಯವರು ಬೆಂಗಳೂರಿನ ಒಂದು ಫಾರ್ಮ್‌ಹೌಸ್‌ಗೆ ಹೋದರೆ ಅಲ್ಲಿ 48 ಜಾತಿಯ 139 ಪ್ರಾಣಿಗಳು, ಅನಕೊಂಡಾ ಕೂಡ.

ಪೆಟ್ ಪಾರ್ಕ್‌ನವರೆಲ್ಲಾ ಕಳ್ಳಸಾಗಣೆ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಬಹಳಷ್ಟು ಮಕಾವ್‌ಗಳು ಇಲ್ಲೇ ಮರಿಯಾದವು. ಆದರೆ ಒಂದು ಜಾಗದಲ್ಲಿ ಪ್ರಾಣಿಗಳ ಸಂಖ್ಯೆ ಕಾಗದಕ್ಕೆ ಹೊಂದುತ್ತದೋ ಇಲ್ಲವೋ ಅಂತ ಹೋಗಿ ಎಣಿಸುವವರೇ ಇಲ್ಲದಿದ್ದರೆ, ನೋಂದಣಿಯಾದ ಒಂದು ಜೋಡಿಗೆ ವರ್ಷಕ್ಕೆ ಎಷ್ಟು 'ಮರಿ' ಬೇಕಾದರೂ ಹುಟ್ಟಬಹುದು. ಜಾಗವನ್ನು ನೋಡದೆ ಪ್ರಾಣಿಯನ್ನು ಮಾತ್ರ ನೋಡುವ ಕಾನೂನಿನ ತೊಂದರೆ ಇದೇ.

ಬೇರೆ ದೇಶಗಳು ಏನು ಮಾಡಿವೆ ಅಂತ ನೋಡಿದಾಗ ನನಗೆ ತುಂಬಾ ಹಿಡಿಸಿದ್ದು ಅಮೆರಿಕದ ಒಂದು ಸಣ್ಣ ಲೆಕ್ಕಾಚಾರ. ಅಲ್ಲಿ ರಸ್ತೆಬದಿಯ ಖಾಸಗಿ ಝೂಗಳಲ್ಲಿ ಹುಲಿಮರಿ ಮುದ್ದಾಡುವುದು ದೊಡ್ಡ ದಂಧೆಯಾಗಿತ್ತು. ಮರಿಯನ್ನು ಕೈಗೆ ಕೊಡಲು ಆಗುವುದು ಕೆಲವೇ ವಾರ. ಆಮೇಲೆ ಅದರ ಹಲ್ಲು ಬಲಿಯುತ್ತದೆ, ಉಗುರು ಬಲಿಯುತ್ತದೆ. ಅಂದರೆ ದಂಧೆ ನಡೆಯಬೇಕಾದರೆ ಮರಿಗಳು ಹುಟ್ಟುತ್ತಲೇ ಇರಬೇಕು, ಬೆಳೆದವು ಎಲ್ಲಿಗೋ ಹೋಗಬೇಕು. ಪಂಜರದ ಅಳತೆ, ನೀರಿನ ಬಟ್ಟಲು, ಬೇಲಿಯ ಎತ್ತರ ಅಂತ ವರ್ಷಗಟ್ಟಲೆ ತಪಾಸಣೆ ಮಾಡಿದರೂ ಅದು ನಿಲ್ಲಲಿಲ್ಲ. 2011ರಲ್ಲಿ ಒಹಾಯೋದ ಝೇನ್ಸ್‌ವಿಲ್ ಊರಿನಲ್ಲಿ ಒಬ್ಬ ತನ್ನ ಪ್ರಾಣಿಗಳ ಪಂಜರ ತೆರೆದು ಬಿಟ್ಟು ಪ್ರಾಣ ಕಳೆದುಕೊಂಡ. ಕತ್ತಲಾಗುತ್ತಿತ್ತು, ಪೊಲೀಸರಿಗೆ ಬೇರೆ ದಾರಿ ಇರಲಿಲ್ಲ. 18 ಹುಲಿ, 17 ಸಿಂಹ ಗುಂಡಿಗೆ ಬಿದ್ದವು. ಅದಾದ ಮೇಲೆಯೂ ದೇಶಕ್ಕೆಲ್ಲಾ ಒಂದು ಕಾನೂನು ಬರಲು ಹನ್ನೊಂದು ವರ್ಷ ಬೇಕಾಯಿತು. 2022ರ ಡಿಸೆಂಬರ್‌ನಲ್ಲಿ ಬಂದ ಆ ಕಾನೂನು ಸಾರ್ವಜನಿಕರು ಇಂಥ ಪ್ರಾಣಿಗಳನ್ನು ಮುಟ್ಟುವುದನ್ನೇ ನಿಷೇಧಿಸಿತು. ಮುಟ್ಟುವ ಹಾಗಿಲ್ಲ ಅಂದ ಮೇಲೆ ಮರಿ ಹುಟ್ಟಿಸಿ ಲಾಭ ಏನು?

ನಮ್ಮಲ್ಲೂ ಮಾರಾಟವಾಗುತ್ತಿರುವುದು ಮುಟ್ಟುವ ಅವಕಾಶವೇ. ನೋಡುವುದಕ್ಕೆ ಬನ್ನೇರುಘಟ್ಟ ಇದೆಯಲ್ಲ. ತೋಳ ಮೇಲೆ, ಹೆಗಲ ಮೇಲೆ, ಕೆನ್ನೆಯ ಹತ್ತಿರ, ರೀಲ್ಸ್‌ಗೆ. ಹಾಗಾಗಿ ನಿಯಮ ಮಾಡುವವರು ಮೊದಲು ಕೈ ಹಾಕಬೇಕಾದ್ದು ಇಲ್ಲೇ ಅಂತ ನನಗನ್ನಿಸುತ್ತದೆ. ಇನ್ನೊಂದು ಅನುಕೂಲ ಇದೆ. ಮುಟ್ಟಲು ಬಿಡುತ್ತಾರೋ ಇಲ್ಲವೋ ಅಂತ ಪತ್ತೆ ಮಾಡಲು ತಪಾಸಣಾಧಿಕಾರಿ ಜೀಪು ಹತ್ತಬೇಕಿಲ್ಲ, ಅವರದ್ದೇ ಇನ್‌ಸ್ಟಾಗ್ರಾಂ ಪುಟ ನೋಡಿದರೆ ಸಾಕು. ಆರೋಗ್ಯದ ಪ್ರಶ್ನೆಯೂ ಇದೆ. ಇಗುವಾನಾ, ಆಮೆ, ಹಾವುಗಳ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಮಾಮೂಲು, ಗಿಳಿಗಳಿಂದ ಶ್ವಾಸಕೋಶಕ್ಕೆ ಸೋಂಕು ತಗಲಬಹುದು. ಮಗುವಿನ ಕೈ ಇಗುವಾನಾದಿಂದ ನೇರ ಪಿಜ್ಜಾಗೆ ಹೋಗಿದ್ದನ್ನು ನಾನೇ ನೋಡಿದೆ. ಕೈ ತೊಳೆಯುವ ನಲ್ಲಿ ಪಾರ್ಕಿಂಗ್ ಪಕ್ಕದಲ್ಲಿತ್ತು.

ದಕ್ಷಿಣ ಕೊರಿಯಾದ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ರಕೂನ್ ಕೆಫೆ, ಮೀರ್‌ಕ್ಯಾಟ್ ಕೆಫೆಗಳು ಫ್ಯಾಷನ್ ಆಗಿದ್ದವು. ಕೊರೊನಾ ನಂತರ ಭಯ ಜಾಸ್ತಿಯಾಗಿ ಕಾನೂನು ಬದಲಾಯಿಸಿದರು. 2023ರ ಡಿಸೆಂಬರ್‌ನಿಂದ ಮೃಗಾಲಯಕ್ಕೆ ಬರೀ ನೋಂದಣಿ ಸಾಲದು, ಪರವಾನಗಿ ಬೇಕು, ಮೃಗಾಲಯವಲ್ಲದ ಕಡೆ ಕಾಡುಪ್ರಾಣಿ ಪ್ರದರ್ಶನ ಬಂದ್. ಆಗಲೇ ನಡೆಯುತ್ತಿದ್ದ ಕೆಫೆಗಳಿಗೆ 2027ರ ಡಿಸೆಂಬರ್ ತನಕ ಗಡುವು ಕೊಟ್ಟರು, ಆದರೆ ಆ ಗಡುವಿನಲ್ಲೂ ಮುಟ್ಟುವುದು, ತಿನ್ನಿಸುವುದು ನಿಲ್ಲಬೇಕು. ಕೆಲವು ಹಕ್ಕಿಗಳಿಗೆ, ಸರೀಸೃಪಗಳಿಗೆ ವಿನಾಯಿತಿ ಇಟ್ಟಿದ್ದಾರೆ, ಅದು ನನಗೆ ಸರಿ ಕಾಣುವುದಿಲ್ಲ. ಆದರೂ ಅವರು ಹಿಡಿದ ದಾರಿ ನೋಡಿ: ಯಾವ ಪ್ರಾಣಿ ಅನ್ನುವುದರ ಜೊತೆಗೆ ಯಾವ ಜಾಗ, ಅಲ್ಲಿ ಏನು ನಡೆಯುತ್ತದೆ ಅಂತ ಕೇಳಿದ್ದಾರೆ.

ನಡೆಸುವವರ ಮಾತೂ ಕೇಳಬೇಕು. ಇವು ಪಂಜರದಲ್ಲೇ ಹುಟ್ಟಿದವು, ಕಾಡಿಗೆ ಬಿಟ್ಟರೆ ಸಾಯುತ್ತವೆ ಅನ್ನುತ್ತಾರೆ. ಒಪ್ಪೋಣ. ಆದರೆ ಪಂಜರದಲ್ಲಿ ಹುಟ್ಟಿದ ಇಗುವಾನಾಗೂ ಬಿಸಿಲು, ಅತಿನೇರಳೆ ಕಿರಣ ಬೇಕು, ಇಲ್ಲದಿದ್ದರೆ ಮೂಳೆ ಮೆತ್ತಗಾಗಿ ದವಡೆ ಬಾಗುತ್ತದೆ. ಎಲ್ಲಿ ಹುಟ್ಟಿತು ಅನ್ನುವುದು ಅದರ ಮೂಳೆಗೆ ಗೊತ್ತಿಲ್ಲ. ಮಕ್ಕಳಿಗೆ ಪ್ರಾಣಿಪ್ರೀತಿ ಬರುತ್ತದೆ ಅನ್ನುತ್ತಾರೆ. ನಮ್ಮ ಮಗು ವಾಪಸ್ ಬರುವಾಗ ಕಾರಿನಲ್ಲಿ ಕೇಳಿದ್ದು 'ನಮ್ಮನೆಗೂ ಒಂದು ತರೋಣ' ಅಂತ. ಅವರ ಮೂರನೇ ಮಾತಿಗೆ ಮಾತ್ರ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ: ನಾಳೆಯೇ ಮುಚ್ಚಿಸಿದರೆ ಇಷ್ಟೂ ಪ್ರಾಣಿಗಳನ್ನು ಎಲ್ಲಿಗೆ ಕಳಿಸುತ್ತೀರಿ?

ಇದು ನಿಜಕ್ಕೂ ಕಷ್ಟದ ಪ್ರಶ್ನೆ. ಥಾಯ್ಲೆಂಡಿನ ಕಾಂಚನಬುರಿಯ ಹುಲಿ ದೇವಾಲಯವನ್ನು ನೆನಪಿಸಿಕೊಳ್ಳಿ. ಪ್ರವಾಸಿಗರು ದುಡ್ಡು ಕೊಟ್ಟು ಹುಲಿ ಪಕ್ಕ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದ ಜಾಗ. 2016ರಲ್ಲಿ ದಾಳಿ ಮಾಡಿದಾಗ ಫ್ರೀಜರ್‌ನಲ್ಲಿ 40 ಸತ್ತ ಮರಿಗಳು ಸಿಕ್ಕಿ ಜಗತ್ತೇ ಬೆಚ್ಚಿಬಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು. ಅಲ್ಲಿಂದ ಸರ್ಕಾರಿ ಕೇಂದ್ರಗಳಿಗೆ ಸಾಗಿಸಿದ 147 ಹುಲಿಗಳಲ್ಲಿ 86 ಹುಲಿಗಳು 2019ರ ಹೊತ್ತಿಗೆ ಸತ್ತಿದ್ದವು. ಒಂದೇ ವಂಶದೊಳಗೆ ಮರಿ ಹಾಕಿಸಿ ಮೊದಲೇ ಬಡವಾಗಿದ್ದ ದೇಹಗಳು, ಮೇಲೆ ಸೋಂಕು, ಸಣ್ಣ ಪಂಜರಗಳು.

ನಮ್ಮಲ್ಲಿ ಇದಕ್ಕಿಂತ ಸ್ವಲ್ಪ ಚೆನ್ನಾಗಿ ಆದದ್ದೂ ಇದೆ, ಅದೂ ಬನ್ನೇರುಘಟ್ಟದಲ್ಲಿ. 1998ರಲ್ಲಿ ಕೇಂದ್ರ ಸರ್ಕಾರ ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಆಟ ಆಡಿಸುವುದನ್ನು ನಿಷೇಧಿಸಿತು. ಸರ್ಕಸ್ ಮಾಲೀಕರು ಕೋರ್ಟಿಗೆ ಹೋದರು, 2001ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಸರ್ಕಸ್ಸಿನಿಂದ ಬಂದ ಪ್ರಾಣಿಗಳಿಗೆ ದೇಶದ ಕೆಲವು ಕಡೆ ಪುನರ್ವಸತಿ ಕೇಂದ್ರ ಮಾಡಿದರು, ಬನ್ನೇರುಘಟ್ಟ ಅದರಲ್ಲೊಂದು. ಕರಡಿ ಕುಣಿಸುವ ಕಲಂದರ್ ಸಮುದಾಯದವರಿಗೆ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಬೇರೆ ಕಸುಬಿಗೆ ನೆರವು ಕೊಟ್ಟು ಕರಡಿಗಳನ್ನು ಬಿಡಿಸಿಕೊಂಡಿತು. ಹಾಗೆ ಕೊನೆಯದಾಗಿ ಬಂದ ರಾಜು ಅನ್ನುವ ಕರಡಿಯ ಮೂಗುದಾರ ಬಿಚ್ಚಿದ್ದು 2009ರ ಡಿಸೆಂಬರ್‌ನಲ್ಲಿ, ಇದೇ ಬನ್ನೇರುಘಟ್ಟದ ಕೇಂದ್ರದಲ್ಲಿ. ಇದು ನಡೆದಿದ್ದು ಬರೀ ಆದೇಶದಿಂದಲ್ಲ. ಹೋಗಲು ಜಾಗ ಇತ್ತು, ಸಾಕಲು ದುಡ್ಡು ಇತ್ತು, ಕುಣಿಸುವವನಿಗೂ ಒಂದು ದಾರಿ ಇತ್ತು.

ಆದರೆ ಗಮನಿಸಿ, ಸರ್ಕಸ್ ಪ್ರಾಣಿಗಳ ಖರ್ಚು ಬಿದ್ದಿದ್ದು ಸರ್ಕಾರದ ಮೇಲೆ. ಲಾಭ ಕಂಪನಿಗೆ, ಮುದಿ ಸಿಂಹ ಸರ್ಕಾರಕ್ಕೆ. ಪೆಟ್ ಪಾರ್ಕ್‌ಗಳ ವಿಷಯದಲ್ಲಿ ಈಗಲೇ ಇದನ್ನು ತಪ್ಪಿಸಬಹುದು. ಗಣಿ ಗುತ್ತಿಗೆ ಕೊಡುವಾಗ ಗುಂಡಿ ಮುಚ್ಚುವ ಖಾತರಿಗೆ ಹಣ ಇಡಿಸಿಕೊಳ್ಳುತ್ತೇವಲ್ಲ, ಹಾಗೆ ಪ್ರಾಣಿಗಳ ಸಂಖ್ಯೆ, ಆಯಸ್ಸು ಲೆಕ್ಕ ಹಾಕಿ ಠೇವಣಿ ಇಡಿಸಬೇಕು. ವ್ಯಾಪಾರ ನಿಂತ ದಿನ ಆ ದುಡ್ಡು ಪ್ರಾಣಿಯ ಹಿಂದೆ ಹೋಗಬೇಕು. ಇದರಿಂದ ಇನ್ನೊಂದು ಲಾಭ, ಮೂವತ್ತು ಮಕಾವ್ ಇಡುವ ಮುಂಚೆ ಮಾಲೀಕ ಮೂರು ಸಲ ಯೋಚಿಸುತ್ತಾನೆ. ಮಕಾವ್ ಐವತ್ತು ವರ್ಷ ಬದುಕುವ ಹಕ್ಕಿ. ನಾನು ಕಂಡ ಹಕ್ಕಿಗೆ ನಾಲ್ಕು ವರ್ಷವಂತೆ, ಜಾಗದ ಲೀಸು ಒಂಬತ್ತು ವರ್ಷ.

ದೆಹಲಿಯ ಕಡೆ ನೋಡುತ್ತಾ ಕೂರಬೇಕಾಗಿಯೂ ಇಲ್ಲ. ವನ್ಯಜೀವಿ ರಕ್ಷಣೆ, ಪ್ರಾಣಿ ಹಿಂಸೆ ತಡೆ, ಎರಡೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ, ರಾಜ್ಯವೂ ಕಾನೂನು ಮಾಡಬಹುದು. ಅಷ್ಟು ದೂರ ಹೋಗುವ ಮುಂಚೆಯೂ ಮಾಡಬಹುದಾದ ಕೆಲಸ ಇದೆ. ಟ್ರೇಡ್ ಲೈಸೆನ್ಸ್ ಅರ್ಜಿಯಲ್ಲಿ 'ಇಲ್ಲಿ ಜೀವಂತ ಪ್ರಾಣಿ ಪ್ರದರ್ಶನ ಇದೆಯೇ?' ಅಂತ ಒಂದು ಸಾಲು ಸೇರಿಸಿದರೆ ಕನಿಷ್ಠ ಇಂಥ ಜಾಗಗಳು ರಾಜ್ಯದಲ್ಲಿ ಎಷ್ಟಿವೆ ಅನ್ನುವ ಪಟ್ಟಿ ತಯಾರಾಗುತ್ತದೆ. 'ಹೌದು' ಅಂದವರ ಹತ್ತಿರ ಹೇಳದೆ ಕೇಳದೆ ಒಬ್ಬ ಪಶುವೈದ್ಯ ಹೋಗಿ ಹಕ್ಕಿಯ ಎದೆ ನೋಡಿ ಬರಲಿ. ತಲೆ ನೆಟ್ಟಗಿದ್ದು ಎದೆ ಬೋಳಾಗಿದ್ದರೆ, ಅದಕ್ಕೆ ಸೀಸನ್ ಕಾರಣವೋ ಬೇರೆ ಏನಾದರೂ ಇದೆಯೋ ಅಂತ ಆ ವೈದ್ಯರೇ ಬರೆಯಲಿ.